ಸಿಡಿಲಕ್ಕ ಹಾರದ ಅರ್ಧ ಗಂಟೆ

ಫೆಬ್ರವರಿ 6

ಏ ಕೊಕ್ಕರೆ,

ಹೇಗಿದ್ದೀಯ, ಚೆನ್ನಾಗಿದ್ದೀಯಾ ಎನ್ನುವುದನ್ನೆಲ್ಲ ಆಮೇಲೆ ಕೇಳುತ್ತೇನೆ. ಮೊದಲು ಹೇಳು, 'ಸಿಡಿಲಕ್ಕ' ಸಿನಿಮಾ ನೋಡಿದೆಯಾ ಇಲ್ಲವಾ? ನೋಡಿಲ್ಲ ಎಂದರೆ ಈ ಕಾಗದವನ್ನು ಇಲ್ಲಿಗೇ ಮಡಚಿಟ್ಟು ಥಿಯೇಟರಿಗೆ ಓಡು. ನೋಡಿಬಂದ ಮೇಲೆ ಮುಂದಿನ ಸಾಲು ಓದು.

ಓದುತ್ತಿದ್ದೀಯಾ? ಗೊತ್ತಿತ್ತು. ನಿನಗೆ ತಾಳ್ಮೆ ಎಲ್ಲಿಂದ ಬರಬೇಕು!

ಫೋನ್ ಮಾಡಿಯೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಒಟ್ಟಿಗೇ ಮಾತಾಡುತ್ತೇವೆ, ಒಬ್ಬಳೂ ಕೇಳಿಸಿಕೊಳ್ಳುವುದಿಲ್ಲ. ನೀನು ಆ ದೊಡ್ಡ ಪಟ್ಟಣಕ್ಕೆ ಕ್ರೇನ್ ನಡೆಸಲು ಹೋದಾಗಿನಿಂದ ನಮಗೆ ಕಾಗದವೇ ಸರಿ. ನಾನು ಮುಗಿಸುವ ತನಕ ನೀನು ನಡುವೆ ಬಾಯಿ ಹಾಕುವಂತಿಲ್ಲ.

ನಿನ್ನೆ ಅಂಗಡಿಗೆ ಬೀಗ ಹಾಕಿ ಎಲ್ಲರೂ ಹೋಗಿದ್ದೆವು. ಅರ್ಧ ಅಂಗಡಿಯಲ್ಲಿ ಬಟ್ಟೆ ಹೊಲಿಯುವ ನಾನು, ಉಳಿದರ್ಧದಲ್ಲಿ ಗಡಿಯಾರ ರಿಪೇರಿ ಮಾಡುವ ನಮ್ಮ ಯಜಮಾನರು, ನಮ್ಮತ್ತೆ, ಮತ್ತೆ ನಮ್ಮಕ್ಕನ ಮಗಳು ಪುಟ್ಟಿ. ಸಿನಿಮಾದಲ್ಲಿ ಸಿಡಿಲಕ್ಕ ಹಗಲೆಲ್ಲ ಅಂಚೆ ಕಚೇರಿಯಲ್ಲಿ ಠಸ್ಸೆ ಒತ್ತುತ್ತಾಳೆ. ಊರಿಗೆ ಕಷ್ಟ ಬಂತು ಎಂದರೆ ಕೌಂಟರಿನ ಕಿಟಕಿ ಮುಚ್ಚಿ ಆಕಾಶಕ್ಕೆ ನೆಗೆಯುತ್ತಾಳೆ. ಸಾಲಿನಲ್ಲಿ ನಿಂತವರ ಗತಿ ಏನು ಎಂದು ಯಾರೂ ಯೋಚಿಸಿದ ಹಾಗಿಲ್ಲ.

ಖಳನ ಹೆಸರು ಕಾಂತಾಸುರ. ಎದೆಗೆ ಒಂದು ದೊಡ್ಡ ಆಯಸ್ಕಾಂತ ಕಟ್ಟಿಕೊಂಡು ಊರಿನ ಕಬ್ಬಿಣವನ್ನೆಲ್ಲ ಎಳೆದುಕೊಳ್ಳುತ್ತಾನೆ. ಬಾಣಲೆ, ಸೈಕಲ್ಲು, ಗೇಟು, ಕೊನೆಗೆ ಮಲಗಿದ್ದವರ ಮಂಚ ಕೂಡ! ಆದರೆ ಕಣೇ, ಅವನ ಪ್ಯಾಂಟಿನ ಜಿಪ್ಪು ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಪ್ಲಾಸ್ಟಿಕ್ ಜಿಪ್ಪು ಎಂದೇ ಇಟ್ಟುಕೊಳ್ಳೋಣ. ಬೆಲ್ಟಿನ ಬಕಲ್ಲು? ಅದೂ ಹೋಗಲಿ, ಸಿಡಿಲಕ್ಕನ ಬೆನ್ನ ಹಿಂದೆ ಹಾರುವ ಆ ಕೆಂಪು ಬಟ್ಟೆಯನ್ನು ಕಬ್ಬಿಣದ ಪಿನ್ನು ಹಾಕಿ ನಿಲ್ಲಿಸಿದ್ದು ನನ್ನ ಈ ಎರಡು ಕಣ್ಣಿಗೆ ಸ್ಪಷ್ಟವಾಗಿ ಕಂಡಿದೆ. ಅಂಚು ಮಡಚಿ ಹೊಲಿದೂ ಇಲ್ಲ. ಅಷ್ಟು ಗಾಳಿಗೆ ಹಾರಿದರೆ ಎಳೆ ಬಿಟ್ಟು ನೆಲ ಒರೆಸುವ ಬಟ್ಟೆ ಆಗಬೇಕಿತ್ತು.

ಊರಿನ ಕಬ್ಬಿಣವೆಲ್ಲ ಹಾರುವಾಗ ನಮ್ಮ ಯಜಮಾನರು ನನ್ನ ತೋಳು ಹಿಡಿದು, "ಅಯ್ಯೋ, ಗಡಿಯಾರಗಳೆಲ್ಲ ಕೆಟ್ಟುಹೋದ್ವು ಕಣೇ. ಆಯಸ್ಕಾಂತ ಹತ್ರ ಬಂದ್ರೆ ಮುಗೀತು. ನಾಳೆ ಬೆಳಿಗ್ಗೆ ಅಷ್ಟೂ ರಿಪೇರಿಗೆ ಬರ್ತವೆ," ಎಂದರು. ಕತ್ತಲಲ್ಲೂ ಅವರ ಮುಖ ಬೆಳಗಿದ್ದು ಕಾಣುತ್ತಿತ್ತು. ನಮ್ಮತ್ತೆಗೆ ಬೇರೆಯದೇ ಚಿಂತೆ. "ಇಷ್ಟೆಲ್ಲ ಹಾರಾಡ್ತಾಳಲ್ಲ, ಈ ಹುಡುಗಿ ತಿಂಡಿ ಯಾವಾಗ ತಿಂತಾಳೆ?"

ಒಂದೇ ಒಂದು ಕಡೆ ಸಿನಿಮಾ ನೆಲಕಚ್ಚಿತು. ಇಂಟರ್‌ವಲ್ ಆದ ಮೇಲೆ ಸಿಡಿಲಕ್ಕನಿಗೆ ಹಾರುವುದಕ್ಕೇ ಭಯವಂತೆ! ಅರ್ಧ ಗಂಟೆ ಮನೆಯಲ್ಲಿ ಕೂತುಬಿಡುತ್ತಾಳೆ. ಹಾರಲು ಬರುವವಳಿಗೆ ಹಾರಲು ಭಯ ಎಂದರೆ ಏನರ್ಥ? ಕಥೆ ಬರೆದವರು ಅಷ್ಟು ಹೊತ್ತು ಕಾಫಿ ಕುಡಿಯಲು ಹೋಗಿದ್ದರು ಅಂತ ಕಾಣುತ್ತೆ.

ಈಗ ನಿನಗೊಂದು ಪ್ರಶ್ನೆ. ಸಿಡಿಲಕ್ಕನ ಹಾಗೆ ಬಸ್ಸನ್ನು ಮುಂದುಗಡೆ ಹಿಡಿದು ಒಂದೇ ಕೈಯಲ್ಲಿ ಎತ್ತಲು ಆಗುತ್ತಾ? ಭಾರ ಎತ್ತುವುದು ನಿನ್ನ ಕಸುಬು, ನೀನೇ ಹೇಳು.

ನಿನ್ನ
ಗುಂಡುಪಿನ್ನು


ಫೆಬ್ರವರಿ 13

ಗುಂಡುಪಿನ್ನಿಗೆ,

ನಿನ್ನ ಕಾಗದ ಬರುವ ಹೊತ್ತಿಗೆ ನಾನು 'ಸಿಡಿಲಕ್ಕ' ನೋಡಿಯಾಗಿತ್ತು. ಒಂದು ಸಲ ಅಲ್ಲ, ಎರಡು ಸಲ. ಹಾಗಾಗಿ ನಿನ್ನ ಅಪ್ಪಣೆ ಮೀರಿ ಓದಿದೆ ಎಂಬ ಅಪವಾದ ನನಗೆ ಬೇಡ.

ಬಸ್ಸಿನ ವಿಷಯ ಕೇಳಿದೆಯಲ್ಲ, ಕೇಳಿದ್ದೇ ಒಳ್ಳೆಯದಾಯಿತು, ಹೊಟ್ಟೆ ಉಬ್ಬಿ ಒಡೆಯುವುದರಲ್ಲಿತ್ತು. ಬಸ್ಸಿನ ಮುಂದುಗಡೆ ಬಂಪರ್ ಹಿಡಿದು ಎತ್ತಿದರೆ ಬಂಪರ್ ಮಾತ್ರ ಕೈಗೆ ಬರುತ್ತೆ. ಸಿಡಿಲಕ್ಕ ಅದನ್ನು ಹಿಡಿದುಕೊಂಡು ಆಕಾಶದಲ್ಲಿ, ಬಸ್ಸು ನೆಲದ ಮೇಲೆ, ಜನ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಅಕ್ಕಾ, ಉಳಿದದ್ದು ಇಲ್ಲೇ ಇದೆ!" ಬಸ್ಸು ಎತ್ತಬೇಕಾದರೆ ಕೆಳಗಿಂದ ಪಟ್ಟಿ ಹಾಕಬೇಕು, ತೂಕದ ನಡುವನ್ನು ಹುಡುಕಬೇಕು, ಮೊದಲು ಗೇಣುದ್ದ ಎತ್ತಿ ಸ್ವಲ್ಪ ಹೊತ್ತು ಸುಮ್ಮನೆ ನೋಡಬೇಕು. ಸಿಡಿಲಕ್ಕ ನಮ್ಮ ಸೈಟಿಗೆ ಬಂದಿದ್ದರೆ ನಮ್ಮ ಮೇಸ್ತ್ರಿ ಹೆಲ್ಮೆಟ್ ಇಲ್ಲ ಎಂದು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದರು.

ಕಾಂತಾಸುರ ಕ್ರೇನನ್ನು ಎಳೆದು ಬೀಳಿಸುವ ಸೀನಿನಲ್ಲಿ ನಾನು ಗಟ್ಟಿಯಾಗಿ ನಕ್ಕುಬಿಟ್ಟೆ. ಮುಂದಿನ ಸಾಲಿನ ಅಜ್ಜ ತಿರುಗಿ ನೋಡಿದರು. ಅಷ್ಟು ಬಿರುಗಾಳಿಯಲ್ಲಿ ಆ ಕ್ರೇನಿನವನು ಕ್ಯಾಬಿನ್ನಿನಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದ! "ಅವನಿಗೇನಾದ್ರೂ ತಲೆ ಕೆಟ್ಟಿದ್ಯಾ ಅಜ್ಜ?" ಎಂದು ಕೇಳಿದೆ. ಅಜ್ಜ, "ಹಸಿವಾಗಿರ್ಬೇಕು ಬಿಡಮ್ಮ," ಎಂದರು. ಅವರನ್ನೂ ನಿಮ್ಮತ್ತೆಯನ್ನೂ ಒಟ್ಟಿಗೆ ಕೂರಿಸಿ ಸಿನಿಮಾ ತೋರಿಸಬೇಕು.

ಆದರೆ ಆ ಅರ್ಧ ಗಂಟೆಯ ಬಗ್ಗೆ ನೀನು ಬರೆದದ್ದು ಸರಿಯಲ್ಲ. ಇಡೀ ಸಿನಿಮಾದಲ್ಲಿ ನಂಬುವಂಥದ್ದು ಏನಾದರೂ ಇದ್ದರೆ ಅದೊಂದೇ. ಹಾರಲು ಬಾರದವರಿಗೆ ಹಾರುವ ಭಯ ಎಲ್ಲಿಂದ ಬರಬೇಕು? ಅವರು ಹಾರುವುದೇ ಇಲ್ಲವಲ್ಲ. ಮೇಲೆ ಹೋದವರಿಗೆ ಮಾತ್ರ ಕೆಳಗೆ ಎಷ್ಟು ದೂರ ಎಂದು ಗೊತ್ತಿರುತ್ತೆ. ಬರೆದವರು ಕಾಫಿಗೆ ಹೋಗಿರಲಿಲ್ಲ. ಅಲ್ಲೇ ಕೂತಿದ್ದರು.

ಇರಲಿ. ಮಂಗಳವಾರ ಮಧ್ಯಾಹ್ನದ ಆಟಕ್ಕೆ ಹೋದರೆ ಥಿಯೇಟರ್ ಖಾಲಿ ಇರುತ್ತೆ, ಎಲ್ಲಿ ಬೇಕಾದರೂ ಕಾಲು ಚಾಚಬಹುದು. ನನ್ನ ಕಾಲಿಗೆ ಅದೊಂದು ಭಾಗ್ಯ.

ಕೊಕ್ಕರೆ


ಫೆಬ್ರವರಿ 20

ಕಳ್ಳೀ,

ಸಿಕ್ಕಿಬಿದ್ದೆ! ಮಂಗಳವಾರ? ಮಧ್ಯಾಹ್ನದ ಆಟ? ಬೆಳಿಗ್ಗೆ ಮೇಲೆ ಹತ್ತಿದರೆ ಊಟವನ್ನೂ ಅಲ್ಲೇ ಮಾಡಿ ಸಂಜೆ ಇಳಿಯುವವಳು ನೀನು. ಕೆಲಸದ ದಿನ, ಖಾಲಿ ಥಿಯೇಟರು, ಅದೂ ಎರಡು ಸಲ! ಯಾರವನು? ಎತ್ತರ ಎಷ್ಟು? ನಿನ್ನ ಭುಜಕ್ಕಾದರೂ ಬರುತ್ತಾನಾ? ಏನು ಕೆಲಸ? ಇಂಜಿನಿಯರಾ? ಆ ಮುಂದಿನ ಸಾಲಿನ ಅಜ್ಜನ ಕಥೆಯನ್ನು ನಾನು ನಂಬುವುದಿಲ್ಲ. ಅಜ್ಜನ ಜಾಗದಲ್ಲಿ ಬೇರೆ ಯಾರೋ ಇದ್ದರು, ಮುಂದಿನ ಸಾಲಿನಲ್ಲಿ ಅಲ್ಲ, ಪಕ್ಕದ ಸೀಟಿನಲ್ಲಿ.

ನಾನು ನಿನ್ನ ಕಾಗದವನ್ನು ನಮ್ಮ ಯಜಮಾನರಿಗೆ ಓದಿ ಹೇಳಿದೆ. ಅವರು ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ, "ಪಾಪ, ಅವಳಿಗೆ ಒಂದು ರಜೆಯಾದ್ರೂ ಬೇಡ್ವಾ?" ಎಂದರು. ಗಂಡಸರಿಗೆ ಇದೆಲ್ಲ ತಿಳಿಯುವುದಿಲ್ಲ.

ಇನ್ನು ಆ ಅರ್ಧ ಗಂಟೆಗೆ ನೀನು ಅಷ್ಟು ವಕಾಲತ್ತು ವಹಿಸಿದ್ದು ಯಾಕೆ ಎಂದೂ ಈಗ ಗೊತ್ತಾಯಿತು. ಆ ಹೊತ್ತಿನಲ್ಲಿ ಯಾರೋ ಕೈ ಹಿಡಿದಿರಬೇಕು. ಇಲ್ಲದಿದ್ದರೆ ಆ ಗೋಳನ್ನು ಯಾರು ಮೆಚ್ಚುತ್ತಾರೆ? ಸಿಡಿಲಕ್ಕ ಎಂದು ಹೆಸರಿಟ್ಟುಕೊಂಡು ಸೋಫಾದ ಮೇಲೆ ಮುದುರಿ ಕೂತರೆ ಹೆಸರು ಬದಲಾಯಿಸಿಕೊಳ್ಳಬೇಕಪ್ಪ. 'ಸೋಫಕ್ಕ' ಎಂದು ಇಟ್ಟುಕೊಳ್ಳಲಿ.

ಇಲ್ಲಿ ಪುಟ್ಟಿಗೆ ಸಿಡಿಲಕ್ಕನ ಡ್ರೆಸ್ ಹೊಲಿದುಕೊಟ್ಟೆ. ಅವಳು ಅದನ್ನು ಹಾಕಿಕೊಂಡು ಬೀದಿಯಲ್ಲಿ ಒಂದು ಸುತ್ತು ಓಡಿದ್ದೇ ತಡ, ಮಕ್ಕಳೆಲ್ಲ ಅಮ್ಮಂದಿರ ಸೆರಗು ಹಿಡಿದುಕೊಂಡು ಅಂಗಡಿ ಮುಂದೆ ಹಾಜರು. ಕೆಂಪು ಬಟ್ಟೆ ಊರಿನಲ್ಲೇ ಮುಗಿದಿದೆ. ನಾನು ಅಂಚು ಎರಡು ಮಡಿಕೆ ಮಾಡಿ ಹೊಲಿಯುತ್ತಿದ್ದೇನೆ. ನನ್ನ ಸಿಡಿಲಕ್ಕಂದಿರ ಬಟ್ಟೆ ಎಳೆ ಬಿಡುವುದಿಲ್ಲ.

ಬೇಗ ಬರಿ. ಹೆಸರು, ಕೆಲಸ, ಎತ್ತರ, ಮೂರೂ ಬೇಕು.

ಗುಂಡುಪಿನ್ನು


ಮಾರ್ಚ್ 4

ಗುಂಡುಪಿನ್ನಿಗೆ,

ಯಾರೂ ಇಲ್ಲ. ಕೆಲಸ ಸ್ವಲ್ಪ ಕಡಿಮೆ ಇತ್ತು, ಹೋಗಿದ್ದೆ.

ಇಲ್ಲಿ ಗಾಳಿ ಶುರುವಾಗಿದೆ. ಸಿಮೆಂಟಿನ ಧೂಳು ಕಣ್ಣಿಗೆ, ಬಾಯಿಗೆ, ಊಟದ ಡಬ್ಬಿಗೆ ಎಲ್ಲದಕ್ಕೂ ಬರುತ್ತೆ. ಕೆಳಗಿನಿಂದ ನೋಡಿದರೆ ಕ್ರೇನು ಎಷ್ಟು ಎತ್ತರ ಕಾಣುತ್ತೆ ಎಂದರೆ, ನೋಡುತ್ತಾ ನಿಂತರೆ ಮೋಡ ನಿಂತು ಕ್ರೇನೇ ಓಡುತ್ತಿದೆ ಅನಿಸುತ್ತೆ.

ಪುಟ್ಟಿಯ ಡ್ರೆಸ್ಸಿನ ಸುದ್ದಿ ಕೇಳಿ ಖುಷಿಯಾಯಿತು. ಆ ಸಿನಿಮಾದ ಮಾತು ಇನ್ನು ಸಾಕು.

ಕೊಕ್ಕರೆ


ಮಾರ್ಚ್ 11

ಕೊಕ್ಕರೆ,

ನಿನ್ನ ಕಾಗದ ಎಷ್ಟು ಸಣ್ಣದಿತ್ತು ಎಂದರೆ, ಲಕೋಟೆಯಲ್ಲಿ ಇನ್ನೊಂದು ಹಾಳೆ ಉಳಿದಿರಬೇಕು ಎಂದು ಅದನ್ನು ತಲೆಕೆಳಗು ಮಾಡಿ ಕೊಡವಿದೆ.

ಆಮೇಲೆ ಮತ್ತೆ ಓದಿದೆ. ನೀನು ಆ ಕೆಲಸಕ್ಕೆ ಸೇರಿದಾಗಿನಿಂದ ನನಗೆ ಬರೆದದ್ದೆಲ್ಲ ಮೇಲಿನಿಂದ ಕಂಡದ್ದು. ಬೆಂಕಿಪೊಟ್ಟಣದಂಥ ಬಸ್ಸು, ಟೆರೇಸಿನ ಮೇಲೆ ಒಣಗಿದ ಬಟ್ಟೆ, ನಿನಗಿಂತ ಕೆಳಗೆ ಹಾರುವ ಹದ್ದು. ಕ್ರೇನು ಕೆಳಗಿನಿಂದ ಹೇಗೆ ಕಾಣುತ್ತೆ ಎಂದು ಇದೇ ಮೊದಲ ಸಲ ಬರೆದಿದ್ದೀಯ. ನೀನು ಯಾಕೆ ಕೆಳಗಿದ್ದೀಯ?

ಸಿನಿಮಾದ ಮಾತು ಸಾಕು ಅಂದೆ. ಆದರೆ ಒಂದು ನಿಜ ಹೇಳದೆ ನನಗೆ ಅನ್ನ ಇಳಿಯುವುದಿಲ್ಲ. ಆ ಅರ್ಧ ಗಂಟೆಯನ್ನು ನಾನು ನೋಡಿಯೇ ಇರಲಿಲ್ಲ. ಪುಟ್ಟಿಗೆ ಬಾತ್‌ರೂಮಿಗೆ ಹೋಗಬೇಕಿತ್ತು. ಬರುವಾಗ ಪಾಪ್‌ಕಾರ್ನ್ ಬೇಕು ಎಂದಳು. ಅಲ್ಲಿ ಸಾಲು. ಒಳಗೆ ಬಂದಾಗ ಸಿಡಿಲಕ್ಕ ಮತ್ತೆ ಹಾರುತ್ತಿದ್ದಳು. "ನಡುವೆ ಏನಾಯ್ತು?" ಎಂದರೆ ನಮ್ಮ ಯಜಮಾನರು, "ಏನಿಲ್ಲ, ಭಯ ಅಂತ ಮನೇಲಿ ಕೂತಿದ್ಲು," ಎಂದರು. ಅಷ್ಟನ್ನೇ ಹಿಡಿದುಕೊಂಡು ನಾನು ಸೋಫಕ್ಕ ಎಂದೆಲ್ಲ ಬರೆದೆ. ನಾನು ಬಾಯಿಬಡುಕಿ ಎನ್ನುವುದು ನಿನಗೆ ಹೊಸದಲ್ಲ, ಆದರೂ.

ನಿನ್ನೆ ಅಂಗಡಿಯನ್ನು ಅವರ ಕೈಗೆ ಬಿಟ್ಟು ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋದೆ. ಸಿಡಿಲಕ್ಕ ಬಲ್ಬ್ ಬದಲಾಯಿಸಲು ಅಡುಗೆಮನೆಯ ಸ್ಟೂಲು ಹತ್ತುತ್ತಾಳಲ್ಲ, ಮೊಣಕಾಲು ಗಡಗಡ ಎನ್ನುತ್ತೆ. ಅಷ್ಟು ಚಿಕ್ಕ ಸ್ಟೂಲಿಗೆ! ನಾನು ನಕ್ಕುಬಿಟ್ಟೆ. ಥಿಯೇಟರಿನಲ್ಲಿ ನಗು ನನ್ನದೊಂದೇ. ಅವಳು ಬಲ್ಬನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿದು ಕತ್ತಲೆಯಲ್ಲಿ ಊಟ ಮಾಡುತ್ತಾಳೆ. ಆಗ ನನಗೆ ನಿನ್ನ ನೆನಪಾಯಿತು. ನೀನು ಎರಡು ಸಲ ನೋಡಿದ್ದು ಇದನ್ನು ಎಂದು ಗೊತ್ತಾಯಿತು.

ಏನಾಯಿತು ಹೇಳು. ಹೇಳದಿದ್ದರೆ ಬಸ್ಸು ಹತ್ತುತ್ತೇನೆ. ಈ ಮಾತನ್ನು ನಾನು ಬೆದರಿಕೆ ಎಂದೇ ಬರೆಯುತ್ತಿದ್ದೇನೆ.

ಗುಂಡು


ಮಾರ್ಚ್ 17

ಗುಂಡು,

ಬಸ್ಸು ಹತ್ತಬೇಡ. ಹೇಳುತ್ತೇನೆ.

ದೊಡ್ಡದೇನೂ ಆಗಿಲ್ಲ. ನಾಚಿಕೆ ಆಗುವುದು ಅದಕ್ಕೇ. ಜನವರಿಯಲ್ಲಿ ಒಂದು ಸಂಜೆ ಕೆಲಸ ಮುಗಿಸಿ ಇಳಿಯುತ್ತಿದ್ದೆ. ಏಣಿಯ ಮೆಟ್ಟಿಲಲ್ಲಿ ಕಾಲು ಜಾರಿತು. ಬೆಲ್ಟು ಹಾಕಿದ್ದೆ, ಅದು ಹಿಡಿಯಿತು. ಕಣ್ಣು ಮುಚ್ಚಿ ತೆಗೆಯುವಷ್ಟು ಹೊತ್ತು ಗಾಳಿಯಲ್ಲಿ ನೇತಾಡಿದೆ, ಕಾಲಿಗೆ ಮೆಟ್ಟಿಲು ಸಿಕ್ಕಿತು, ಇಳಿದು ಬಂದೆ. ಮೈಮೇಲೆ ಒಂದು ತರಚು ಗಾಯವೂ ಇಲ್ಲ. ಮನೆಗೆ ಹೋಗಿ ಚೆನ್ನಾಗಿ ಉಂಡೆ, ಚೆನ್ನಾಗಿ ನಿದ್ದೆಯೂ ಬಂತು.

ಮಾರನೇ ದಿನ ಏಣಿಗೆ ಕೈ ಇಟ್ಟೆ. ಕೈ ಕಂಬಿಯನ್ನು ಹಿಡಿಯಿತು, ಬಿಡಲಿಲ್ಲ. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಮೇಸ್ತ್ರಿ ಬಂದು ಒಂದೊಂದೇ ಬೆರಳು ಬಿಡಿಸಿದರು. "ಜ್ವರ ಇರ್ಬೇಕು, ಮನೆಗೆ ಹೋಗಮ್ಮ," ಎಂದರು. ಅವರಿಗೂ ಗೊತ್ತಿತ್ತು ಜ್ವರ ಅಲ್ಲ ಎಂದು. ನಾನು ಮನೆಗೆ ಹೋಗಲಿಲ್ಲ, ಸುಮ್ಮನೆ ನಡೆಯುತ್ತಾ ಹೋದೆ, ಥಿಯೇಟರ್ ಎದುರಾಯಿತು. ಸಿಡಿಲಕ್ಕನನ್ನು ಮೊದಲ ಸಲ ನೋಡಿದ್ದು ಹಾಗೆ. ಎರಡನೇ ಸಲವೂ ಅಂಥದ್ದೇ ದಿನ.

ಈಗ ಮೇಲೆ ದೊಡ್ಡಪ್ಪ ಕೂರುತ್ತಾರೆ. ನಮ್ಮ ದೊಡ್ಡಪ್ಪ ಅಲ್ಲ, ಸೈಟಿನಲ್ಲಿ ಎಲ್ಲರೂ ಅವರನ್ನು ಹಾಗೆ ಕರೆಯುತ್ತಾರೆ. ಬಿಳಿ ಮೀಸೆಯ ಹಳೇ ಕ್ರೇನಿನವರು, ಇನ್ನೇನು ಕೆಲಸ ಬಿಟ್ಟು ಮನೆ ಸೇರಬೇಕು ಅನ್ನುವಾಗ ನನ್ನಿಂದಾಗಿ ಮತ್ತೆ ಮೇಲೆ ಹತ್ತಿದರು. ನಾನು ಕೆಳಗೆ ನಿಂತು ಕೈಸನ್ನೆ ಮಾಡುತ್ತೇನೆ, ವಾಕಿಟಾಕಿಯಲ್ಲಿ ಎಡಕ್ಕೆ, ಬಲಕ್ಕೆ, ಇಳಿಸಿ, ನಿಲ್ಲಿಸಿ ಎನ್ನುತ್ತೇನೆ.

ಸಿನಿಮಾದಲ್ಲಿ ಅರ್ಧ ಗಂಟೆಗೆ ಮುಗಿಯುತ್ತೆ. ಅವಳ ಅಮ್ಮ ಅಪಾಯದಲ್ಲಿ ಸಿಕ್ಕಿಕೊಂಡ ಕೂಡಲೇ ಭಯ ಎಲ್ಲೋ ಹೋಗುತ್ತೆ, ಸಂಗೀತ ಜೋರಾಗುತ್ತೆ, ಹಾರಿಬಿಡುತ್ತಾಳೆ. ನನ್ನದು ಹೋಗಿಲ್ಲ. ದಿನಾ ಬೆಳಿಗ್ಗೆ ಏಣಿಯ ಹತ್ತಿರ ಹೋಗಿ ನೋಡುತ್ತೇನೆ. ಇರುತ್ತೆ.

ನಿನಗೆ ಹೇಳದೆ ಇದ್ದದ್ದು ಯಾಕೆ ಎಂದರೆ, ಊರಿನಲ್ಲಿ ನೀನು ಎಲ್ಲರಿಗೂ "ನಮ್ಮ ಕೊಕ್ಕರೆ ಆಕಾಶದಲ್ಲಿ ಕೆಲಸ ಮಾಡ್ತಾಳೆ" ಎಂದು ಹೇಳಿಕೊಂಡು ತಿರುಗುತ್ತೀಯ.

ಕೊಕ್ಕರೆ


ಮಾರ್ಚ್ 22

ನನ್ನ ಕೊಕ್ಕರೆ,

ಕಾಗದ ಬಂದಾಗ ಒಬ್ಬರು ಬ್ಲೌಸಿನ ಅಳತೆ ಕೊಡುತ್ತಾ ನಿಂತಿದ್ದರು. ಟೇಪನ್ನು ಅವರ ಕೊರಳಲ್ಲೇ ಬಿಟ್ಟು ಓದಿದೆ. ಪಾಪ, ಮಾಲೆ ಹಾಕಿಸಿಕೊಂಡವರ ಹಾಗೆ ನಿಂತಿದ್ದರು.

ಮೊದಲನೆಯದು, ಇನ್ನು ಮುಂದೆ ನಾನು ಊರಿನಲ್ಲಿ "ನಮ್ಮ ಕೊಕ್ಕರೆ ನೆಲದ ಮೇಲೆ ಕೆಲಸ ಮಾಡ್ತಾಳೆ" ಎಂದು ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ. ನನಗೆ ಹೇಳಿಕೊಳ್ಳಲು ನೀನು ಬೇಕು. ಎತ್ತರ ಎಷ್ಟಾದರೇನು?

ಎರಡನೆಯದು, ಸಿಡಿಲಕ್ಕ ಹಾರಲೇಬೇಕಿತ್ತು ಕಣೇ. ಜನ ಟಿಕೆಟ್ ತೆಗೆದುಕೊಂಡಿದ್ದರು. ಅವಳು ಹಾರದೆ ಉಳಿದಿದ್ದರೆ ನಮ್ಮತ್ತೆಯೇ ಎದ್ದು ದುಡ್ಡು ವಾಪಸು ಕೇಳುತ್ತಿದ್ದರು. ನಿನಗೆ ಯಾರು ಟಿಕೆಟ್ ತೆಗೆದುಕೊಂಡಿದ್ದಾರೆ? ನೀನು ಹತ್ತಿದರೆ ಹತ್ತು, ಬಿಟ್ಟರೆ ಬಿಡು. ಬೆಳಿಗ್ಗೆ ಬೆಳಿಗ್ಗೆ ಆ ಏಣಿಯ ಹತ್ತಿರ ಹೋಗಿ ಭಯ ಇದೆಯಾ ಎಂದು ವಿಚಾರಿಸಿಕೊಂಡು ಬರುವುದನ್ನು ಮೊದಲು ನಿಲ್ಲಿಸು. ಹಾಗೆ ದಿನಾ ಹೋಗಿ ಮಾತಾಡಿಸಿದರೆ ಯಾವ ನೆಂಟ ಎದ್ದು ಹೋಗುತ್ತಾನೆ?

ನಮ್ಮ ಯಜಮಾನರಿಗೆ ಹೇಳಬಹುದಾ ಎಂದು ನಿನ್ನನ್ನು ಕೇಳಬೇಕಿತ್ತು. ಕೇಳುವ ಮೊದಲೇ ಹೇಳಿಬಿಟ್ಟೆ. ಅವರು ಕೈಯಲ್ಲಿದ್ದ ಗಡಿಯಾರದ ಮುಚ್ಚಳ ಹಾಕಿ, "ಕೆಳಗೆ ಬಿದ್ದ ಗಡಿಯಾರ ಓಡ್ತಿದ್ರೆ ನಾನು ಅದನ್ನ ಬಿಚ್ಚೋಕೇ ಹೋಗಲ್ಲ," ಎಂದರು. ಇದರರ್ಥ ಏನು ಎಂದು ನನಗೂ ಪೂರ್ತಿ ತಿಳಿದಿಲ್ಲ. ನಿನಗೆ ತಿಳಿದರೆ ಬರಿ.

ಗುಂಡುಪಿನ್ನು


ಏಪ್ರಿಲ್ 5

ಗುಂಡೂ! ಗುಂಡೂ!

ಕೂತುಕೊಂಡು ಓದು. ಮಷೀನು ನಿಲ್ಲಿಸು. ಕೊರಳಲ್ಲಿ ಟೇಪು ಹಾಕಿಕೊಂಡು ಯಾರಾದರೂ ನಿಂತಿದ್ದರೆ ಅವರಿಗೊಂದು ಕುರ್ಚಿ ಕೊಡು. ಇದು ಉದ್ದ ಇದೆ.

ಮೊನ್ನೆ ಮಧ್ಯಾಹ್ನ ನಾವು ಕಬ್ಬಿಣದ ಸರಳಿನ ಕಟ್ಟನ್ನು ಮೇಲಿನ ಮಹಡಿಗೆ ಎತ್ತುತ್ತಿದ್ದೆವು. ಅಲ್ಲಿ ಇಬ್ಬರು ಗಾರೆಯವರು ಅದನ್ನು ಇಳಿಸಿಕೊಳ್ಳಲು ಕಾಯುತ್ತಿದ್ದರು. ಬೆಳಿಗ್ಗೆಯಿಂದ ಗಾಳಿಯ ಸುಳಿವೇ ಇರಲಿಲ್ಲ. ಕಟ್ಟು ಅರ್ಧ ದಾರಿ ಹೋಗಿರಬೇಕು, ಮೈದಾನದ ಕಡೆಯಿಂದ ಒಂದು ಕಂದು ಬಣ್ಣದ ಗೋಡೆ ಎದ್ದು ಬಂತು. ಗೋಡೆ ಎಂದರೆ ಗೋಡೆಯೇ, ಧೂಳಿನದು. ನಾನು ವಾಕಿಟಾಕಿಯಲ್ಲಿ "ನಿಲ್ಲಿಸಿ" ಎನ್ನುವಷ್ಟರಲ್ಲಿ ಮೈಮೇಲೆ ಬಂದುಬಿಟ್ಟಿತು. ತಗಡುಗಳು ಹಾರಿದವು. ಸರಳಿನ ಕಟ್ಟು ಗಡಿಯಾರದ ಲೋಲಕದ ಹಾಗೆ ತೂಗಾಡಲು ಶುರುವಾಯಿತು.

"ದೊಡ್ಡಪ್ಪ, ಕೇಳಿಸ್ತಿದ್ಯಾ?" ಎಂದೆ.

"ಕೇಳಿಸ್ತಿದೆ ಮಗಳೇ, ಕಾಣಿಸ್ತಿಲ್ಲ," ಎಂದರು. ಸೆಖೆ ಎಂದು ಕ್ಯಾಬಿನ್ ಕಿಟಕಿ ತೆಗೆದಿಟ್ಟಿದ್ದರಂತೆ. ಎರಡು ಕಣ್ಣಿಗೂ ಧೂಳು ಹೊಡೆದಿತ್ತು. "ಕಣ್ಣು ಬಿಡೋಕೇ ಆಗ್ತಿಲ್ಲ. ಸರಕು ಎಲ್ಲಿದೆ?"

ಸರಕು ಗಾರೆಯವರ ಕಡೆಗೆ ಹೋಗಿ ಹೋಗಿ ಬರುತ್ತಿತ್ತು. ಅವರು ಗೋಡೆಯ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದರು. ಮೆಟ್ಟಿಲಿಗೆ ಓಡಬೇಕಾದರೆ ಅದರ ದಾರಿಯನ್ನೇ ದಾಟಬೇಕು. ಮೇಸ್ತ್ರಿ, "ಯಾರಾದ್ರೂ ಮೇಲೆ ಹತ್ರೋ!" ಎಂದು ಕೂಗಿದರು. ಕೂಗಿ ನನ್ನ ಕಡೆ ನೋಡಿದರು. ಎಲ್ಲರೂ ನನ್ನ ಕಡೆಯೇ ನೋಡಿದರು. ಕ್ರೇನು ಗೊತ್ತಿರುವವಳು ಅಲ್ಲಿ ನಾನೊಬ್ಬಳೇ ತಾನೇ.

ಓಡಿದೆ ಗುಂಡು. ಏಣಿಗೆ ಕೈ ಇಟ್ಟೆ. ಸಂಗೀತ ಜೋರಾಗಲಿಲ್ಲ. ಬೆರಳು ಮತ್ತೆ ಕಂಬಿಗೆ ಅಂಟಿಕೊಂಡಿತು. ಅಲ್ಲಿ ನಿಂತು ಲೆಕ್ಕ ಹಾಕಿದೆ, ನಾನು ಮೇಲೆ ಮುಟ್ಟುವುದರೊಳಗೆ ಆಗಬಾರದ್ದು ಆಗಿಹೋಗಿರುತ್ತೆ. ಹೆದರಿ ಬಿಟ್ಟೆನೋ, ಲೆಕ್ಕ ಹಾಕಿ ಬಿಟ್ಟೆನೋ, ನನ್ನನ್ನು ಕೇಳಬೇಡ. ಇವತ್ತಿಗೂ ಗೊತ್ತಿಲ್ಲ. ಆದರೆ ಈ ಸಲ ಬೆರಳು ಬಿಡಿಸಲು ಮೇಸ್ತ್ರಿ ಬರಲಿಲ್ಲ. ನಾನೇ ಬಿಡಿಸಿಕೊಂಡೆ. ಬಿಡಿಸಿಕೊಂಡು ಏಣಿಗೆ ಬೆನ್ನು ಹಾಕಿ, ಸರಕೂ ಕ್ರೇನಿನ ತೋಳೂ ಎರಡೂ ಕಾಣುವ ಜಾಗಕ್ಕೆ, ಮರಳಿನ ರಾಶಿಯ ಮೇಲಕ್ಕೆ ಓಡಿದೆ.

"ದೊಡ್ಡಪ್ಪ, ನಿಮ್ಮ ಕಣ್ಣು ನಾನು. ನಾನು ಹೇಳಿದಷ್ಟೇ ಮಾಡಿ."

"ಹೇಳು ತಾಯಿ."

"ಎಡಗೈ ಲಿವರು ಸ್ವಲ್ಪ ಬಲಕ್ಕೆ. ಅದು ಮೊದಲು ಒಂಚೂರು ಸಡಿಲ ಬರುತ್ತೆ, ಆಮೇಲೆ ಹಿಡಿಯುತ್ತೆ. ಹಿಡೀತಾ?"

"ಹಿಡೀತು."

ತೂಗಾಡುವ ಭಾರವನ್ನು ಹಿಂದಕ್ಕೆ ಎಳೆದರೆ ಇನ್ನೂ ಜೋರಾಗಿ ತೂಗುತ್ತೆ. ಅದು ಹೋದ ಕಡೆಗೇ ತೋಳನ್ನೂ ಕಳಿಸಬೇಕು, ಭಾರದ ತಲೆಯ ಮೇಲಕ್ಕೆ ತೋಳು ಬಂದಾಗ ನಿಲ್ಲಿಸಬೇಕು. ಅಳುವ ಮಗುವಿನ ಹಿಂದೆಯೇ ಹೋಗಿ ಸಮಾಧಾನ ಮಾಡುವ ಹಾಗೆ. "ಹೋಗ್ಲಿ, ಹೋಗ್ಲಿ, ಇನ್ನೂ, ನಿಲ್ಸಿ! ಈಗ ವಾಪಸ್, ನಿಧಾನ, ನಿಲ್ಸಿ!" ನನ್ನ ಕಣ್ಣಿಗೂ ಧೂಳು. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನೋಡುತ್ತಿದ್ದೆ. ಆದರೆ ಒಂದು ವಿಚಿತ್ರ ಕೇಳು. ನಾನು ನಿಂತದ್ದು ಮರಳಿನ ಮೇಲೆ, ಕೈ ಮಾತ್ರ ಆ ಕ್ಯಾಬಿನ್ ಒಳಗೇ ಇತ್ತು. ಯಾವ ಲಿವರು ಎಷ್ಟು ಬಾಗಿದರೆ ತೋಳು ಎಲ್ಲಿಗೆ ಬರುತ್ತೆ ಎಂದು ಅಂಗೈಗೆ ಗೊತ್ತಾಗುತ್ತಿತ್ತು.

ತೂಗಾಟ ಕಡಿಮೆಯಾಯಿತು. ಕಟ್ಟಡದಿಂದ ದೂರಕ್ಕೆ ತಿರುಗಿಸಿದೆವು. ಖಾಲಿ ನೆಲದ ಮೇಲೆ ಬಂದಾಗ, "ಬಲಗೈ, ಇಳಿಸಿ, ಇಳಿಸಿ, ಮೆಲ್ಲಗೆ," ಎಂದೆ. ಸರಳಿನ ಕಟ್ಟು ನೆಲ ಮುಟ್ಟಿದ ಸದ್ದು ಇದೆಯಲ್ಲ, ಯಾವ ಸಿನಿಮಾದ ಸಂಗೀತವೂ ಅದಕ್ಕೆ ಸಮ ಅಲ್ಲ. ಮೇಲಿದ್ದ ಗಾರೆಯವರು ಮೆಟ್ಟಿಲಿಳಿದು ಬಂದು ಇಬ್ಬರೂ ನನ್ನ ಮುಂದೆ ನಿಂತರು. ಒಬ್ಬ, "ಅಕ್ಕ, ನೀರು ಕುಡೀರಿ," ಎಂದ. ಬಾಟಲಿಯಲ್ಲೂ ಮರಳಿತ್ತು. ಕುಡಿದೆ.

ಗಾಳಿ ನಿಂತ ಮೇಲೆ ದೊಡ್ಡಪ್ಪ ಇಳಿದು ಬಂದರು. ಕಣ್ಣು ಕೆಂಡದ ಹಾಗಿತ್ತು, ಮೀಸೆ ಕಂದು ಬಣ್ಣಕ್ಕೆ ತಿರುಗಿತ್ತು. "ಆ ಲಿವರು ಸಡಿಲ ಅಂತ ನಂಗೆ ಮೊದ್ಲೇ ಹೇಳ್ಬಾರ್ದಿತ್ತಾ? ಎರಡು ತಿಂಗಳಿಂದ ನಂಗೇ ವಯಸ್ಸಾಯ್ತು ಅಂದ್ಕೊಂಡಿದ್ದೆ!" ಎಂದು ಬೈದರು. ಬೈಯುತ್ತಲೇ ನನ್ನ ಹೆಲ್ಮೆಟ್ಟಿನ ಮೇಲೆ ಕೈ ಇಟ್ಟರು. ಆಗ ಅತ್ತೆ. ಅದನ್ನು ಮಾತ್ರ ಊರಿನಲ್ಲಿ ಹೇಳಬೇಡ.

ಮೇಸ್ತ್ರಿ ಇವತ್ತು ಕರೆದು, ಪಕ್ಕದಲ್ಲಿ ಏಳುತ್ತಿರುವ ಇನ್ನೊಂದು ಕಟ್ಟಡದ ಕ್ರೇನಿಗೂ ನೆಲದ ಮೇಲಿನ ಉಸ್ತುವಾರಿ ನೀನೇ ನೋಡಿಕೋ ಎಂದರು. "ಮತ್ತೆ ಮೇಲೆ ಹತ್ತೋದು?" ಎಂದು ಕೇಳಿದೆ. "ಹತ್ತೋರು ಸಿಗ್ತಾರಮ್ಮ. ಹೇಳೋರು ಬೇಕು," ಎಂದರು.

ನಿಮ್ಮ ಯಜಮಾನರ ಗಡಿಯಾರದ ಮಾತು ನನಗೆ ತಿಳಿಯಿತು ಎಂದು ಅವರಿಗೆ ಹೇಳು.

ಕೊಕ್ಕರೆ


ಏಪ್ರಿಲ್ 20

ಕೊಕ್ಕರೆ,

ಮನೆ ತಲುಪಿದೆ. ಬಸ್ಸಿನಲ್ಲಿ ಕಾಲು ಊದಿಕೊಂಡಿದೆ, ನೀನು ಕಟ್ಟಿಕೊಟ್ಟ ಊಟವನ್ನು ಊರು ದಾಟುವ ಮೊದಲೇ ಮುಗಿಸಿದೆ. ಎರಡು ದಿನ ನಿನ್ನ ಕೋಣೆಯಲ್ಲಿ ಇಬ್ಬರೂ ಒಟ್ಟಿಗೇ ಮಾತಾಡಿದೆವಲ್ಲ, ಒಬ್ಬಳ ಮಾತೂ ಇನ್ನೊಬ್ಬಳಿಗೆ ಕೇಳಿಸಿಲ್ಲ. ಹಾಗಾಗಿ ಒಂದು ವಿಷಯ ಕಾಗದದಲ್ಲೇ ಹೇಳಬೇಕಾಗಿದೆ.

ನಾನು ಬರುವ ಸುದ್ದಿ ಮೊದಲೇ ತಿಳಿಸಲಿಲ್ಲ ಎಂದು ನೀನು ಬೈದೆ. "ಈಗ ತಾನೇ ಬಂದೆ," ಎಂದು ಸೈಟಿನ ಗೇಟಿನ ಹತ್ತಿರ ಹೇಳಿದೆನಲ್ಲ, ಸುಳ್ಳು. ಬಂದು ಬಹಳ ಹೊತ್ತಾಗಿತ್ತು. ಬೇಲಿಯ ಆಚೆ, ಬಸ್‌ಸ್ಟಾಪಿನಲ್ಲಿ ಚೀಲ ಇಟ್ಟುಕೊಂಡು ನಿಂತಿದ್ದೆ. ನೀನು ಕಂಡೆ. ಹಳದಿ ಹೆಲ್ಮೆಟ್ಟು, ಮೊಣಕಾಲವರೆಗೆ ಸಿಮೆಂಟು, ಎರಡು ಕೈಯೂ ಮೇಲೆ. ಕೂಗಬೇಕು ಎಂದು ಬಾಯಿ ತೆರೆದೆ. ನನ್ನ ಬಾಯಿ, ನಿನಗೆ ಗೊತ್ತಲ್ಲ, ಅದಕ್ಕೆ ಮುಚ್ಚಲು ಬರುವುದಿಲ್ಲ. ಆವತ್ತು ತೆರೆದದ್ದು ಹಾಗೇ ನಿಂತಿತು.

ನೀನು ಬೆರಳನ್ನು ಇಷ್ಟೇ ಇಷ್ಟು ತಿರುಗಿಸಿದೆ, ಅಷ್ಟು ಎತ್ತರದಲ್ಲಿ ಬೀದಿಯುದ್ದದ ಆ ಕಬ್ಬಿಣದ ತೋಳು ಸದ್ದಿಲ್ಲದೆ ತಿರುಗಿತು. ಮುಷ್ಟಿ ಹಿಡಿದೆ, ನಿಂತಿತು. ನೀನು ಒಂದು ಸಲವೂ ಅವಸರ ಮಾಡಲಿಲ್ಲ. ಒಂದು ಸಲ ಮೂಗು ತುರಿಸಿಕೊಂಡೆ. ಕ್ರೇನಿನವರು ಅದನ್ನೂ ಸನ್ನೆ ಎಂದುಕೊಂಡು ಏನಾದರೂ ಎತ್ತಿಬಿಡುತ್ತಾರೋ ಎಂದು ನನಗೆ ಎದೆ ಹೊಡೆದುಕೊಂಡಿತು.

ಪಕ್ಕದಲ್ಲಿ ತರಕಾರಿ ಚೀಲ ಹಿಡಿದು ನಿಂತಿದ್ದ ಹೆಂಗಸು ನಿನ್ನನ್ನೇ ನೋಡುತ್ತಿದ್ದರು. ಅವರ ಬಸ್ಸು ಬಂತು, ಹೋಯಿತು, ಅವರು ಹತ್ತಲಿಲ್ಲ. ಕೊನೆಗೆ ನನ್ನನ್ನು ಕೇಳಿದರು, "ಆಯಮ್ಮ ಯಾರಿಗೆ ಕೈಸನ್ನೆ ಮಾಡ್ತಿದ್ದಾರೆ?"

"ಆ ಕ್ರೇನಿಗೆ," ಎಂದೆ.

ಅವರು ತಲೆ ಹಿಂದಕ್ಕೆ ಬಾಗಿಸಿ ಮೇಲೆ ನೋಡಿದರು. ನಿನ್ನನ್ನು ನೋಡಿದರು. ಮತ್ತೆ ಮೇಲೆ ನೋಡಿದರು. "ಅಷ್ಟು ದೊಡ್ಡದು, ಆಯಮ್ಮ ಹೇಳಿದ ಹಾಗೆ ಕೇಳುತ್ತಾ?"

"ಕೇಳದೆ ಏನ್ ಮಾಡುತ್ತೆ?" ಎಂದೆ. "ನಾನೇ ಕೇಳ್ತೀನಿ!"

ಗುಂಡುಪಿನ್ನು